ನಮ್ಮ ಮನೆಯ ರೂಢಿ, ದೀನಿನ ತಕ್ಕಡಿ

ಒಬ್ಬ ವ್ಯಕ್ತಿಯ ಧರ್ಮನಿಷ್ಠೆಯನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಅವನ ನಮಾಝ್, ಉಪವಾಸ ಮತ್ತು ಕುರ್‌ಆನ್ ಪಾರಾಯಣಗಳನ್ನು ಗಮನಿಸುತ್ತೇವೆ. ಅದು ಸರಿಯಾದುದೇ. ಆರಾಧನೆಗಳು ಇಸ್ಲಾಮಿನ ಆಧಾರಸ್ತಂಭಗಳು. ಆದರೆ ಐದು ಹೊತ್ತಿನ ನಮಾಝ್‌ಗೆ ದಿನದ ಒಂದೆರಡು ಗಂಟೆಗಳು ಸಾಕಾಗುತ್ತವೆ. ಉಳಿದ ಸಮಯವೆಲ್ಲ ಅಡುಗೆಮನೆಯಲ್ಲಿ, ಅಂಗಳದಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆಯ ಮನೆಯಲ್ಲಿ ಕಳೆಯುತ್ತದೆ. ಅಲ್ಲಿ ನಮ್ಮನ್ನು ನಡೆಸುವುದು ಬಹುಮಟ್ಟಿಗೆ ರೂಢಿ. ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ಈ ರೂಢಿಯಲ್ಲಿ ದೀನ್ ಎಷ್ಟಿದೆ, ಊರಿನ ಅಭ್ಯಾಸ ಎಷ್ಟಿದೆ ಎಂದು ನಾವು ಬೇರ್ಪಡಿಸಿ ನೋಡುವುದು ಅಪರೂಪ.

ಹಾಗೆ ನೋಡುವಂತೆ ನನ್ನನ್ನು ಒತ್ತಾಯಿಸಿದವನು ಒಬ್ಬ ವಿದ್ಯಾರ್ಥಿ. ಮದ್ರಸದ ಏಳನೇ ತರಗತಿಯಲ್ಲಿ ಅದಬ್‌ಗೆ, ಅಂದರೆ ಶಿಷ್ಟಾಚಾರಕ್ಕೆ ಸಂಬಂಧಿಸಿದ ಪಾಠ ಮುಗಿಸಿದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಯಾವ ಪುಸ್ತಕವೂ ಕಲಿಸದೆ, ಮನೆಯಲ್ಲಿ ನೋಡಿಯೇ ಕಲಿತು ನೀವು ತಪ್ಪದೆ ಪಾಲಿಸುವ ಹತ್ತು ನಿಯಮಗಳನ್ನು ಬರೆದು ತನ್ನಿ ಎಂದು ಹೇಳಿದ್ದೆ. ಹೆಚ್ಚಿನವರು ಪಾಠದಲ್ಲಿದ್ದುದನ್ನೇ ತಿರುಗಿಸಿ ಬರೆದು ತಂದರು. ಒಬ್ಬ ಮಾತ್ರ ತನ್ನ ಮನೆಯನ್ನೇ ಹಾಳೆಯ ಮೇಲೆ ಇಳಿಸಿದ್ದ. ಅವನ ಹೆಸರು, ಊರು ಇಲ್ಲಿ ಬೇಡ. ಅವನ ಮನೆ ನಮ್ಮಲ್ಲಿನ ಎಷ್ಟೋ ಮನೆಗಳಂತೆಯೇ ಇರುವುದು. ಅವನು ಬರೆದ ಕೆಲವು ನಿಯಮಗಳು ಹೀಗಿದ್ದವು:

ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು.

ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕು, ಬಂದ ಕಾರಣವನ್ನು ಆಮೇಲೆ ಕೇಳಬೇಕು.

ಊಟಕ್ಕೆ ಕುಳಿತವರನ್ನು ಬೈಯಬಾರದು.

ಪಕ್ಕದ ಮನೆಯ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸಬಾರದು.

ಉಪ್ಪ, ಉಮ್ಮ ಮಲಗಿರುವಾಗ ಬಾಗಿಲು ತಟ್ಟದೆ ಒಳಗೆ ಹೋಗಬಾರದು.

ಅಕ್ಕನ ಮದುವೆಯ ಮಾತಿಗೆ ಜನ ಬಂದಾಗ ಉಮ್ಮ ಬಾಗಿಲು ಹಾಕುತ್ತಾರೆ. ಆಗ ಒಳಗೆ ಹೋಗಬಾರದು. ಎಷ್ಟು ಪವನ್ ಎಂದು ಆಮೇಲೂ ಕೇಳಬಾರದು.

ಹಾಳೆಯ ಕೊನೆಯಲ್ಲಿ ಅವನದೊಂದು ಪ್ರಶ್ನೆಯಿತ್ತು: “ಉಸ್ತಾದ್, ಇದರಲ್ಲಿ ದೀನ್ ಯಾವುದು, ನಮ್ಮ ಊರಿನದ್ದು ಯಾವುದು?”

ಈ ಪ್ರಶ್ನೆಯನ್ನು ಎದುರಿಟ್ಟುಕೊಂಡು ಯೋಚಿಸುವಾಗ ನನ್ನ ವಿದ್ಯಾರ್ಥಿ ಜೀವನವೇ ನೆನಪಾಗುತ್ತದೆ. ಕರಾವಳಿಯ ಮಸೀದಿಗಳ ದರ್ಸ್‌ನಲ್ಲಿ ಕಲಿತವರಿಗೆ ಆ ಜೀವನ ಗೊತ್ತು. ಮುತಅಲ್ಲಿಮರು ಓದುವುದು, ಮಲಗುವುದು ಮಸೀದಿಯಲ್ಲಿ. ಊಟ ಜಮಾಅತಿನ ಮನೆಗಳಲ್ಲಿ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಮನೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆ ಬಿಟ್ಟು ದರ್ಸ್ ಸೇರಿದ ನನಗೆ, ಮಸೀದಿಯಲ್ಲಿ ಕಿತಾಬುಗಳು ಒಂದು ಪಾಠವಾದರೆ, ಊಟದ ಮನೆಗಳು ಇನ್ನೊಂದು ಪಾಠವಾದವು. ದಿನವೂ ಪರರ ಹೊಸ್ತಿಲು ದಾಟಿ ಉಣ್ಣುವ ಹುಡುಗನಿಗೆ ಒಂದು ಮನೆಯ ಗೌರವ ಎಲ್ಲಿದೆ, ಅತಿಥಿಯ ಮಾನ ಎಲ್ಲಿದೆ ಎಂಬುದು ಬೇಗನೆ ತಿಳಿಯುತ್ತದೆ.

ನನಗೆ ಗೊತ್ತಾಗಿದ್ದ ಮನೆ ಶ್ರೀಮಂತರದ್ದಲ್ಲ. ಆ ಮನೆಯ ಉಮ್ಮ ಒಂದು ದಿನವೂ “ಇನ್ನು ಬೇಕೇ?” ಎಂದು ನನ್ನನ್ನು ಕೇಳಿದವರಲ್ಲ. ಕೇಳಿದರೆ ಹುಡುಗ ನಾಚಿ “ಬೇಡ” ಎಂದುಬಿಡುತ್ತಾನೆಂದು ಅವರಿಗೆ ತಿಳಿದಿತ್ತು. ಅನ್ನದ ಪಾತ್ರೆಯನ್ನು ನನ್ನ ಮುಂದೆ ಇಟ್ಟು, “ಮೋನೇ, ಉಂಡು ಮುಗಿಸು, ನನಗೆ ಪಾತ್ರೆ ತೊಳೆಯಬೇಕು” ಎಂದು ಒಳಗೆ ಹೋಗುತ್ತಿದ್ದರು. ಹಸಿವು ನನ್ನದಾದರೂ ಅಗತ್ಯ ತಮ್ಮದೆಂಬಂತೆ ಅವರ ಮಾತು ಇರುತ್ತಿತ್ತು. ದಾನ ಕೊಟ್ಟು ಎತ್ತಿ ಆಡಬೇಡಿರಿ, ನೋಯಿಸಿ ಅದನ್ನು ನಿಷ್ಫಲಗೊಳಿಸಬೇಡಿರಿ ಎಂಬ ಆದೇಶವನ್ನು ಅಲ್ ಬಕರ ಅಧ್ಯಾಯದಲ್ಲಿ (2:264) ನಾನು ಓದಿದ್ದು ಆಮೇಲೆ. ಆ ವಚನದ ವ್ಯಾಖ್ಯಾನ ನನಗೆ ಮೊದಲೇ ಆ ಮನೆಯ ಜಗಲಿಯಲ್ಲಿ ಸಿಕ್ಕಿತ್ತು.

ಅದೇ ದಿನಗಳಲ್ಲಿ ನಮ್ಮ ಉಸ್ತಾದರು ಫಿಕ್‌ಹ್‌ನಲ್ಲಿ ವಲೀಮದ ಅಧ್ಯಾಯವನ್ನು ಓದಿಸುತ್ತಿದ್ದರು. ಅತಿಥಿಯ ಮುಂದೆ ಆಹಾರ ಇಟ್ಟರೆ ಅದುವೇ ಅನುಮತಿ. ಅವನು ಬಾಯಿಮಾತಿನ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಆದರೆ ಆ ಆಹಾರವನ್ನು ಅವನು ಉಣ್ಣಬಹುದೇ ಹೊರತು ಮನಬಂದಂತೆ ಇತರರಿಗೆ ಹಂಚುವಂತಿಲ್ಲ. ಮನೆಯವರಿಗೆ ಸಮ್ಮತಿಯಿದೆಯೆಂದು ತಿಳಿದಿದ್ದರೆ ಮಾತ್ರ ಅದನ್ನು ಕೊಂಡೊಯ್ಯಬಹುದು. ಮೊದಲ ಸಲ ಕೇಳಿದಾಗ ಇಷ್ಟು ಸಣ್ಣ ವಿಷಯಕ್ಕೂ ನಿಯಮವೇ ಎಂದು ಅಚ್ಚರಿಯಾಗಿತ್ತು. ಊಟದ ಮನೆಗೆ ಹೋಗಿ ಕುಳಿತಾಗ ಅದರ ಅರ್ಥ ಬಿಚ್ಚಿಕೊಂಡಿತು. ಅತಿಥಿ ಯಾಚಕನಾಗದಂತೆ ಮೊದಲ ಭಾಗ ಕಾಯುತ್ತದೆ, ಒಡೆಯನಾಗದಂತೆ ಎರಡನೆಯ ಭಾಗ ತಡೆಯುತ್ತದೆ. ಇಬ್ಬರ ಮಾನವೂ ಉಳಿಯುತ್ತದೆ.

ಪ್ರವಾದಿ(ಸ) ಎಂದೂ ಆಹಾರವನ್ನು ಹಳಿದವರಲ್ಲ. ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು ಎಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳ ಹದೀಸ್ ತಿಳಿಸುತ್ತದೆ. ಅವರ ಆಶ್ರಯದಲ್ಲಿ ಬೆಳೆಯುತ್ತಿದ್ದ ಬಾಲಕ ಉಮರ್ ಬಿನ್ ಅಬೀ ಸಲಮರ(ರ) ಕೈ ತಟ್ಟೆಯ ತುಂಬ ಓಡಾಡಿದಾಗ ಪ್ರವಾದಿವರ್ಯರು(ಸ) ಗದರಲಿಲ್ಲ. ಅಲ್ಲಾಹನ ಹೆಸರು ಹೇಳಿ, ಬಲಗೈಯಿಂದ, ನಿನ್ನ ಹತ್ತಿರ ಇರುವುದನ್ನು ಉಣ್ಣು ಎಂದು ಮೃದುವಾಗಿ ತಿದ್ದಿದರು. ಊಟಕ್ಕೆ ಕುಳಿತವರನ್ನು ಬೈಯಬಾರದು ಎಂದು ಆ ಹುಡುಗನ ಮನೆಯಲ್ಲಿ ಪಾಲಿಸುವ ರೂಢಿಗೆ ಯಾವ ಗ್ರಂಥದ ಹೆಸರೂ ಅಂಟಿಕೊಂಡಿಲ್ಲ. ಆದರೂ ಅದರ ಬೇರು ಎಲ್ಲಿದೆಯೆಂದು ಊಹಿಸುವುದು ಕಷ್ಟವಲ್ಲ.

ಇನ್ನು ಬಾಗಿಲು ತಟ್ಟುವ ನಿಯಮ. ಇದರಲ್ಲಿ ಊಹೆಗೆ ಎಡೆಯೇ ಇಲ್ಲ. ಪರರ ಮನೆಗಳನ್ನು ಅನುಮತಿ ಪಡೆಯದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ಅನ್ನೂರ್ ಅಧ್ಯಾಯ (24:27) ಸ್ಪಷ್ಟವಾಗಿ ಆದೇಶಿಸುತ್ತದೆ. ಮರಳಿ ಹೋಗಿ ಎಂದರೆ ಮರಳಬೇಕು. ಅದುವೇ ಹೆಚ್ಚು ಪರಿಶುದ್ಧ ಕ್ರಮ ಎನ್ನುತ್ತದೆ ಮುಂದಿನ ವಚನ. ಮೂರು ಸಲ ಕೇಳಿಯೂ ಉತ್ತರ ಬಾರದಿದ್ದರೆ ಹಿಂದಿರುಗಬೇಕೆಂದು ಪ್ರವಾದಿ(ಸ) ಕಲಿಸಿದರು. ಜಾಬಿರ್(ರ) ಒಮ್ಮೆ ಅವರ ಬಾಗಿಲು ತಟ್ಟಿದಾಗ “ಯಾರು?” ಎಂಬ ಪ್ರಶ್ನೆಗೆ “ನಾನು” ಎಂದರು. ಪ್ರವಾದಿವರ್ಯರು(ಸ) “ನಾನು, ನಾನು” ಎಂದು ಅದನ್ನೇ ಮರುನುಡಿದು ತಮ್ಮ ಅಸಮ್ಮತಿಯನ್ನು ತೋರಿಸಿದರು. ಬಂದವನು ಹೆಸರು ಹೇಳಬೇಕು. ಒಳಗಿದ್ದವರಿಗೆ ಬಾಗಿಲು ತೆರೆಯುವ ಮುನ್ನವೇ ಬಂದವರು ಯಾರೆಂದು ತಿಳಿಯಬೇಕು. ಒಳಗಿರುವವರ ನೆಮ್ಮದಿಗೆ ಅಷ್ಟು ಬೆಲೆ.

ಅದೇ ಅಧ್ಯಾಯದ 58ನೇ ವಚನ ಇನ್ನೂ ಒಳಕ್ಕೆ ಹೋಗುತ್ತದೆ. ಫಜ್ರ್ ನಮಾಝ್‌ಗೆ ಮುನ್ನ, ಮಧ್ಯಾಹ್ನ ಉಡುಪು ಸಡಿಲಿಸಿ ವಿಶ್ರಮಿಸುವಾಗ, ಇಶಾ ನಮಾಝ್‌ನ ನಂತರ - ಈ ಮೂರು ಹೊತ್ತುಗಳಲ್ಲಿ ಮನೆಯೊಳಗಿನ ಪ್ರಾಯಕ್ಕೆ ಬಾರದ ಮಕ್ಕಳೂ ಅನುಮತಿ ಕೇಳಬೇಕು. ಹಾಗಾಗಿ ಆ ಹುಡುಗ ಬರೆದ ಐದನೆಯ ನಿಯಮದ ಎದುರು ‘ಇದು ದೀನ್’ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಬರೆದೆ. ಕುರ್‌ಆನ್‌ನಲ್ಲಿರುವುದನ್ನು ಅವನ ತಾಯಿ ಅವನಿಗೆ ನಿತ್ಯಜೀವನದಲ್ಲೇ ಕಲಿಸಿದ್ದರು.

ಪಾತ್ರೆಯ ನಿಯಮಕ್ಕೆ ಬರೋಣ. ಇದು ನಮ್ಮ ನಾಡಿನಲ್ಲಿ ಎಲ್ಲ ಸಮುದಾಯಗಳಿಗೂ ಸೇರಿದ್ದು. ಪಕ್ಕದ ಮನೆಯಿಂದ ಪಾಯಸ ಬಂದ ಪಾತ್ರೆಯಲ್ಲಿ ಏನಾದರೂ ಇಟ್ಟೇ ಮರಳಿಸುತ್ತಾರೆ. ಏನೂ ಇಲ್ಲವಾದರೆ ಒಂದಿಷ್ಟು ಸಕ್ಕರೆಯನ್ನಾದರೂ. ಆ ಹುಡುಗನ ಹಾಳೆಯಲ್ಲಿ ಪಕ್ಕದ ಮನೆಯೆಂದಿದ್ದುದು ಹಿಂದೂ ಅಜ್ಜಿಯೊಬ್ಬರ ಮನೆ ಎಂದು ಕೇಳಿದಾಗ ತಿಳಿಯಿತು. ಸಾರು ಮಾಡುವಾಗ ನೀರನ್ನು ಹೆಚ್ಚು ಹಾಕಿ ನೆರೆಯವರನ್ನು ನೆನೆದುಕೊಳ್ಳಲು ಪ್ರವಾದಿ(ಸ) ಅಬೂದರ್‌ರಿಗೆ(ರ) ಉಪದೇಶಿಸಿದರು. ಕುರಿಯ ಗೊರಸಿನಷ್ಟು ಅಲ್ಪವಾದ ಉಡುಗೊರೆಯನ್ನೂ ನೆರೆಯವರು ಪರಸ್ಪರ ಕೀಳೆಂದು ಕಾಣಬಾರದೆಂದು ಸ್ತ್ರೀಯರಿಗೆ ಹೇಳಿದರು. ಅಬ್ದುಲ್ಲಾ ಬಿನ್ ಅಮ್ರ್(ರ) ಮನೆಯಲ್ಲಿ ಕುರಿ ಕೊಯ್ದಾಗ, ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು ಅವರು ಮತ್ತೆ ಮತ್ತೆ ವಿಚಾರಿಸಿದರು. ನೆರೆಯವರ ಬಗ್ಗೆ ಜಿಬ್ರೀಲ್(ಅ) ಒತ್ತಿ ಹೇಳುತ್ತಲೇ ಇದ್ದ ಪ್ರವಾದಿವಚನವನ್ನು ಆ ಸಂದರ್ಭದಲ್ಲೇ ನೆನಪಿಸಿದರು. ನೆರೆಯವನ ಧರ್ಮ ಬೇರೆಯಾದ ಮಾತ್ರಕ್ಕೆ ಹಕ್ಕು ಕಡಿಮೆಯಾಗುವುದಿಲ್ಲವೆಂದು ಸಹಾಬಿಗಳು ಅರ್ಥಮಾಡಿಕೊಂಡಿದ್ದರು.

ಪದವಿಗೆ ಕನ್ನಡ ಸಾಹಿತ್ಯವನ್ನು ಓದುವಾಗ ನನಗೆ ಇದೇ ಮನೋಧರ್ಮ ಇನ್ನೊಂದು ಕಡೆ ಎದುರಾಯಿತು. 9ನೇ ಶತಮಾನದ ‘ಕವಿರಾಜಮಾರ್ಗ’ದಲ್ಲಿ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಗುಣವೇ ನಿಜವಾದ ಸಂಪತ್ತು ಎಂಬ ಆಶಯವಿದೆ. ದರ್ಸ್‌ನ ಚಾಪೆಯಿಂದ ಕಾಲೇಜಿನ ಬೆಂಚಿಗೆ ಬಂದ ನನಗೆ ಅಲ್ಲಿ ಅಪರಿಚಿತ ಭಾವ ಕಾಡಲಿಲ್ಲ. ನಾನು ಬೆಳೆದ ಅಂಗಳದ ಪಾತ್ರೆಗಳು ಬೇಲಿಯ ಎರಡೂ ಕಡೆಗೆ ಓಡಾಡಿದ್ದವು. ಇಂದು ಆ ಓಡಾಟ ಕಡಿಮೆಯಾಗುತ್ತಿರುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಪಾತ್ರೆ ಓಡಾಡುತ್ತಿದ್ದ ಕಡೆ ಈಗ ಸಂಶಯ ಓಡಾಡುತ್ತಿದೆ. ಈ ಕಾಲದಲ್ಲಿ ಪಕ್ಕದ ಮನೆಯ ಅಜ್ಜಿಯ ಪಾತ್ರೆಗೆ ನಾಲ್ಕು ಖರ್ಜೂರ ಹಾಕಿ ಮರಳಿಸುವ ಹುಡುಗನದ್ದು ಸಣ್ಣ ಕೆಲಸವಲ್ಲ.

ಹಾಗಾದರೆ ರೂಢಿಯೆಂದರೆ ದೀನ್‌ನ ಇನ್ನೊಂದು ಹೆಸರೇ? ಅಲ್ಲ. ಅವೆರಡೂ ಬೇರೆ ಬೇರೆ. ಆದರೆ ಅವು ಹುಟ್ಟು ವೈರಿಗಳೂ ಅಲ್ಲ. ಫಿಕ್‌ಹ್‌ನ ಐದು ಮಹಾಸೂತ್ರಗಳಲ್ಲಿ ಒಂದು ‘ಅಲ್ ಆದತು ಮುಹಕ್ಕಮಃ’. ಶರೀಅತ್ ನಿರ್ದಿಷ್ಟ ಮಾಪನವನ್ನು ಹೇಳದಿರುವ ಕಡೆ ಜನರ ನಡುವಿನ ರೂಢಿಯೇ ತೀರ್ಪು ಕೊಡುತ್ತದೆ ಎಂಬುದು ಇದರ ಸಾರ. ಮಾರಿದ ಸರಕು ಕೊಂಡವನ ವಶಕ್ಕೆ ಬಂದಿತೆಂದು ಯಾವಾಗ ತಿಳಿಯಬೇಕು, ಒಂದು ವಸ್ತುವನ್ನು ಸುರಕ್ಷಿತವಾಗಿ ಇಟ್ಟಂತಾಯಿತೆಂದು ಯಾವಾಗ ಹೇಳಬೇಕು ಎಂಬಂತಹ ಪ್ರಶ್ನೆಗಳಲ್ಲಿ ಇಮಾಮರು ಊರಿನ ವಾಡಿಕೆಯನ್ನು ಕೇಳುತ್ತಾರೆ. ಆದರೆ ಈ ಅಧಿಕಾರಕ್ಕೆ ಒಂದು ಗಡಿಯಿದೆ. ಅಲ್ಲಾಹನ ಮತ್ತು ಅವನ ರಸೂಲರ ಸ್ಪಷ್ಟ ಆಜ್ಞೆಯಿರುವ ಕಡೆ ರೂಢಿಯ ಮಾತು ನಡೆಯುವುದಿಲ್ಲ.

ಪ್ರವಾದಿ ಜೀವನದಲ್ಲಿ ಇದಕ್ಕೆ ಸುಂದರವಾದ ಉದಾಹರಣೆಗಳಿವೆ. ಒಮ್ಮೆ ಊಟದಲ್ಲಿ ಮರುಭೂಮಿಯ ಉಡದಂತಹ ಪ್ರಾಣಿಯ ಮಾಂಸವನ್ನು ಇಟ್ಟಾಗ ಪ್ರವಾದಿ(ಸ) ಕೈ ಹಿಂತೆಗೆದರು. ಇದು ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ನನ್ನ ಜನರ ನಾಡಿನಲ್ಲಿ ಇದಿರಲಿಲ್ಲ, ಹಾಗಾಗಿ ಮನಸ್ಸೊಪ್ಪುವುದಿಲ್ಲ ಎಂಬ ಅರ್ಥದ ಉತ್ತರ ಬಂತು. ಖಾಲಿದ್(ರ) ಅವರ ಎದುರಿನಲ್ಲೇ ಅದನ್ನು ಉಂಡರು. ತಮ್ಮ ನಾಡಿನ ಅಭಿರುಚಿಯನ್ನು ಇತರರ ಮೇಲೆ ಧರ್ಮವಾಗಿ ಹೇರಲು ಅಲ್ಲಾಹನ ರಸೂಲರೇ ಮುಂದಾಗಲಿಲ್ಲ. ಅನ್ಸಾರರ ಮನೆಗೆ ವಧುವನ್ನು ಕಳುಹಿಸಿಕೊಟ್ಟ ಸಂದರ್ಭದಲ್ಲಿ, ಅನ್ಸಾರರಿಗೆ ಮನರಂಜನೆ ಇಷ್ಟ, ಅದೇನಾದರೂ ಇತ್ತೇ ಎಂದು ಆಯಿಶಾರನ್ನು(ರ) ವಿಚಾರಿಸಿದರು. ಪ್ರವಾದಿತ್ವಕ್ಕೆ ಮುನ್ನ ಮಕ್ಕಾದಲ್ಲಿ ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ, ಅನ್ಯಾಯಕ್ಕೊಳಗಾದವನ ಪರ ನಿಲ್ಲುವೆವೆಂದು ಜನರು ಮಾಡಿಕೊಂಡ ‘ಹಿಲ್ಫುಲ್ ಫುದೂಲ್’ ಒಪ್ಪಂದದಲ್ಲಿ ಅವರು ಪಾಲ್ಗೊಂಡಿದ್ದರು. ಇಸ್ಲಾಮಿನಲ್ಲೂ ಅಂತಹದ್ದಕ್ಕೆ ಕರೆ ಬಂದರೆ ಓಗೊಡುವೆನೆಂದು ಅನಂತರ ಹೇಳಿದರು. ಅದೇ ಪ್ರವಾದಿ(ಸ) ಹೆಣ್ಣುಮಗುವನ್ನು ಜೀವಂತ ಹೂಳುವ ರೂಢಿಯನ್ನು ಒಂದು ದಿನವೂ ಸಹಿಸಲಿಲ್ಲ. ಅದು ಕೂಡ ಅರಬರ ಪೂರ್ವಜರಿಂದ ಬಂದುದೇ ಆಗಿತ್ತು.

ಇಲ್ಲಿ ತೂಗುವ ತಕ್ಕಡಿ ಕಾಣುತ್ತದೆ. ಮನುಷ್ಯನ ಮಾನವನ್ನು, ಹಕ್ಕನ್ನು ಕಾಯುವ ರೂಢಿಯನ್ನು ದೀನ್ ಬಾಚಿ ತಬ್ಬಿಕೊಂಡಿತು. ಯಾರಿಗೂ ಹಾನಿಯಿಲ್ಲದ ರೂಢಿಯನ್ನು ಅದರ ಪಾಡಿಗೆ ಬಿಟ್ಟಿತು. ಬಲವಿಲ್ಲದವನ ಮೇಲೆ ಭಾರ ಹೇರುವ ರೂಢಿಯನ್ನು ಕಿತ್ತೆಸೆಯಿತು. ‘ಹೋಗಿ ಬರುತ್ತೇನೆ’ ಎಂಬ ಮಾತಿನ ಎದುರು ನಾನು ‘ನಮ್ಮ ನಾಡಿನದ್ದು, ಒಳ್ಳೆಯದು, ಸಲಾಮಿನ ಜೊತೆಗೆ ಹೇಳು’ ಎಂದು ಬರೆದೆ.

ಉಳಿದದ್ದು ಕೊನೆಯ ನಿಯಮ. ಬಾಗಿಲು ಹಾಕುವುದು, ಎಷ್ಟು ಪವನ್ ಎಂದು ಕೇಳಬಾರದು.

ಹದಿಮೂರು ವರ್ಷದ ಹುಡುಗ ಬಾಗಿಲ ಹೊರಗೆ ನಿಂತಿದ್ದಾನೆ. ಒಳಗೆ ಅವನ ಅಕ್ಕನ ಹೆಸರಿನಲ್ಲಿ ಲೆಕ್ಕ ನಡೆಯುತ್ತಿದೆ. ಅವನಿಗೆ ಮೊತ್ತ ಗೊತ್ತಿಲ್ಲ. ಆದರೆ ಜನ ಹೋದ ಮೇಲೆ ಉಪ್ಪ ಹೆಚ್ಚು ಮಾತನಾಡುವುದಿಲ್ಲ ಎಂಬುದು ಗೊತ್ತಿದೆ. ಇದನ್ನೂ ಅವನು ಉಳಿದವುಗಳಂತೆ ಮನೆಯ ಒಂದು ನಿಯಮವೆಂದೇ ಬರೆದಿದ್ದ. ನನ್ನನ್ನು ಹೆಚ್ಚು ಕಾಡಿದ್ದು ಇದು. ನೀರು ಕೊಡುವ ರೂಢಿ, ಪಾತ್ರೆ ತುಂಬುವ ರೂಢಿಗಳ ಸಾಲಿನಲ್ಲೇ ವರದಕ್ಷಿಣೆಯೂ ಅವನ ಮನಸ್ಸಿನಲ್ಲಿ ಜಾಗ ಹಿಡಿದಿತ್ತು. ಮಕ್ಕಳು ರೂಢಿಯನ್ನು ಕಲಿಯುವುದು ಹೀಗೆಯೇ. ನಾವು ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಕಟ್ಟಿನಲ್ಲಿ ಕೊಡುತ್ತೇವೆ.

ಅಲ್ಲಾಹನ ಆಜ್ಞೆ ಇಲ್ಲಿ ಅಸ್ಪಷ್ಟವಾಗಿಲ್ಲ. ಅನ್ನಿಸಾ ಅಧ್ಯಾಯ (4:4) ಮಹ್ರನ್ನು ಸ್ತ್ರೀಯರಿಗೆ ಸಂತೋಷಪೂರ್ವಕವಾಗಿ ಕೊಡಲು ಪುರುಷರಿಗೆ ಆದೇಶಿಸುತ್ತದೆ. ಕೊಡಬೇಕಾದವನು ವರ, ಪಡೆಯಬೇಕಾದವಳು ವಧು. ಏನೂ ಇಲ್ಲದ ಸಹಾಬಿಗೆ ಕಬ್ಬಿಣದ ಉಂಗುರವನ್ನಾದರೂ ಹುಡುಕಿ ತರಲು ಪ್ರವಾದಿ(ಸ) ಹೇಳಿದರು; ಅದೂ ಸಿಗದಾಗ ಅವನಿಗೆ ಗೊತ್ತಿದ್ದ ಕುರ್‌ಆನ್‌ನ ಭಾಗವನ್ನೇ ಆಧಾರವಾಗಿಸಿ ವಿವಾಹ ಮಾಡಿಕೊಟ್ಟರು. ವಧುವಿನ ತಂದೆಯಿಂದ ಏನನ್ನು ತರಬೇಕೆಂಬ ಮಾತೇ ಅಲ್ಲಿ ಬರಲಿಲ್ಲ. ನಮ್ಮ ದೇಶದ ಕಾನೂನು ಕೂಡ 1961ರಿಂದಲೇ ವರದಕ್ಷಿಣೆಯನ್ನು ನಿಷೇಧಿಸಿದೆ. ದೀನ್ ಒಪ್ಪದ, ಕಾನೂನು ಒಪ್ಪದ ಈ ವ್ಯವಹಾರ ಉಳಿದಿರುವುದು ರೂಢಿಯ ಬಲದಿಂದ ಮಾತ್ರ.

ರೂಢಿ ತನ್ನನ್ನು ಉಳಿಸಿಕೊಳ್ಳಲು ಭಾಷೆಯನ್ನೂ ಕಲಿತಿದೆ. “ನಾವು ಏನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಕೊಡುವುದು” ಎಂಬ ಮಾತನ್ನು ಕೇಳದವರು ಯಾರಿದ್ದಾರೆ? ಆ ಮಾತಿನ ಬೆನ್ನಿಗೇ ಇನ್ನೊಂದು ಮನೆಯಲ್ಲಿ ಎಷ್ಟು ಕೊಟ್ಟರೆಂಬ ಸುದ್ದಿಯೂ ಬರುತ್ತದೆ. ಕೆಲವರು ಇದು ಅವಳ ಆಸ್ತಿಯ ಪಾಲಿಗೆ ಬದಲೆಂದು ಸಮಾಧಾನ ಹೇಳುತ್ತಾರೆ. ಆದರೆ ತಂದೆತಾಯಿ ಬಿಟ್ಟುಹೋದ ಆಸ್ತಿಯಲ್ಲಿ ಸ್ತ್ರೀಯರಿಗೆ ಪಾಲಿದೆ, ಅದು ಅಲ್ಪವಿರಲಿ ಅಧಿಕವಿರಲಿ, ಎಂದು ಅಲ್ಲಾಹನು (4:7) ನಿಶ್ಚಯಿಸಿದ್ದಾನೆ. ಆ ಪಾಲು ಅವಳ ಹಕ್ಕು. ಜೀವಂತವಿರುವ ತಂದೆಯಿಂದ ವರನ ಕಡೆಯವರು ಚೌಕಾಸಿ ಮಾಡಿ ಪಡೆದದ್ದು ಅದಕ್ಕೆ ಬದಲಾಗಲಾರದು. ಸಾಲ ಮಾಡಿ ಚಿನ್ನ ಕೊಟ್ಟ ತಂದೆ ಮುಂದೆ ಆಸ್ತಿಯೆಂದು ಬಿಟ್ಟುಹೋಗಲು ಏನು ಉಳಿದೀತು?

ನಿಕಾಹ್‌ನ ಸಭೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ವಲಿಯು ವರನ ಕೈ ಹಿಡಿದು, ಸಾಕ್ಷಿಗಳ ಎದುರಿನಲ್ಲಿ, ಎಲ್ಲರಿಗೂ ಕೇಳುವಂತೆ ಮಹ್ರ್ ಎಷ್ಟೆಂದು ಹೇಳುತ್ತಾನೆ. ಅದರಲ್ಲಿ ಮುಚ್ಚುಮರೆಯಿಲ್ಲ. ಇನ್ನೊಂದು ಮೊತ್ತ ಮಾತ್ರ ಆ ಸಭೆಯಲ್ಲಿ ಎಂದೂ ಕೇಳಿಬರುವುದಿಲ್ಲ. ಅದನ್ನು ಖತೀಬರ ಮುಂದೆ ಹೇಳಲು ವರನಿಗೂ ಧೈರ್ಯವಿಲ್ಲ, ಅವನ ಹಿರಿಯರಿಗೂ ಇಲ್ಲ. ಯಾವುದು ನಿನ್ನ ಎದೆಯಲ್ಲಿ ಚುಚ್ಚುತ್ತದೆಯೋ, ಜನರಿಗೆ ತಿಳಿಯುವುದು ನಿನಗೆ ಇಷ್ಟವಿಲ್ಲವೋ, ಅದು ಪಾಪ ಎಂಬ ಅರ್ಥದ ಪ್ರವಾದಿವಚನ ಮುಸ್ಲಿಮ್ ಗ್ರಂಥದಲ್ಲಿದೆ. ಈ ಹದೀಸನ್ನು ವಿವರಿಸಲು ಬೇರೆ ಉದಾಹರಣೆಯ ಅಗತ್ಯ ನನಗೆ ಬಿದ್ದಿಲ್ಲ.

ಹಾಗಾಗಿ ಆ ಹುಡುಗನಿಗೆ ನಾನು ಎರಡು ಬಾಗಿಲುಗಳ ವ್ಯತ್ಯಾಸವನ್ನು ಹೇಳಿದೆ. ಉಪ್ಪ, ಉಮ್ಮ ವಿಶ್ರಮಿಸುವಾಗ ಮುಚ್ಚುವ ಬಾಗಿಲು ಮಾನವನ್ನು ಕಾಯುವ ಬಾಗಿಲು. ಅದನ್ನು ಮುಚ್ಚಲು ಹೇಳಿದವನು ಅಲ್ಲಾಹನು. ಚಿನ್ನದ ಲೆಕ್ಕಕ್ಕೆ ಮುಚ್ಚುವ ಬಾಗಿಲು ಮಾನ ಹೋಗುವುದನ್ನು ಯಾರೂ ನೋಡದಿರಲೆಂದು ಮುಚ್ಚಿದ್ದು. ನಿನ್ನ ಉಮ್ಮ ಅದನ್ನು ಮುಚ್ಚುವುದು ನಿನ್ನ ಮೇಲಿನ ಪ್ರೀತಿಯಿಂದ. ಅವರು ಹಾಗೆ ಮುಚ್ಚಬೇಕಾಗಿ ಬಂದದ್ದು ಕೇಳುವವರ ತಪ್ಪಿನಿಂದ. ಅವರನ್ನು ದೂರಬೇಡ ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ದೊಡ್ಡವನಾದ ಮೇಲೆ ನಮ್ಮ ಮನೆಯವರು ಇನ್ನೊಬ್ಬರ ಮನೆಗೆ ಹೋಗುತ್ತಾರಲ್ಲ ಉಸ್ತಾದ್, ಆಗ?” ಎಂದು ಕೇಳಿದ.

ಉತ್ತರ ಇರುವುದು ಈ ಪ್ರಶ್ನೆಯಲ್ಲೇ. ಇಂದು ಬಾಗಿಲ ಹೊರಗೆ ನಿಂತ ತಮ್ಮ ನಾಳೆ ಬಾಗಿಲ ಒಳಗೆ ಕುಳಿತುಕೊಳ್ಳುವ ವರನಾಗುತ್ತಾನೆ. ಅಕ್ಕನಿಗೆ ಕೊಟ್ಟದ್ದನ್ನು ತಮ್ಮನ ಮದುವೆಯಲ್ಲಿ ವಸೂಲಿ ಮಾಡುವ ಲೆಕ್ಕವೂ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಹೆಣ್ಣುಮಗಳ ತಂದೆಗೆ ಒಬ್ಬನೇ ಈ ಸರಪಳಿಯನ್ನು ತುಂಡರಿಸಲು ಸಾಧ್ಯವಾಗದಿರಬಹುದು. ಗಂಡುಮಗನಿಗೆ ಮತ್ತು ಅವನ ತಂದೆತಾಯಿಗೆ ಅದು ಖಂಡಿತ ಸಾಧ್ಯ. ಅವರು ಮಾಡಬೇಕಾದದ್ದು ಕೇಳದಿರುವುದು, ಬಂದದ್ದನ್ನು ಮರಳಿಸುವುದು, ಅಷ್ಟೇ. ಜಮಾಅತಿನ ಹಿರಿಯರು ಮತ್ತು ಖತೀಬರು ಇಂತಹವರ ಬೆನ್ನಿಗೆ ನಿಲ್ಲಬೇಕು. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮದ ಊಟ ಅತ್ಯಂತ ಕೆಟ್ಟ ಊಟವೆಂದು ಹದೀಸ್‌ನಲ್ಲಿ ಬಂದಿದೆ. ಬಡವರಿಗೆ ಕರೆಯಿಲ್ಲದ ಊಟವೇ ಅಷ್ಟು ಕೆಟ್ಟದ್ದಾದರೆ, ವಧುವಿನ ತಂದೆಯ ಸಾಲದಿಂದ ನಡೆದ ಔತಣವನ್ನು ಏನೆಂದು ಕರೆಯೋಣ?

ಅವನಿಗೆ ನಾನು ಕೊಟ್ಟ ಉತ್ತರ ಚಿಕ್ಕದು: “ಆಗ ನೀನು ಬಾಗಿಲು ತೆರೆದಿಡಲು ಹೇಳು. ತೆರೆದ ಬಾಗಿಲಿನಲ್ಲಿ ಹೇಳಲಾಗದ ಮಾತನ್ನು ಆಡಬೇಡ.”

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಕ್ಕಳ ಕೈಗೂ ಒಂದು ಹಾಳೆಯನ್ನು ಕೊಡಿ. ಮನೆಯಲ್ಲಿ ಅವರು ನೋಡಿ ಕಲಿತದ್ದನ್ನು ಬರೆಯಲಿ. ಅವರು ಬರೆದುದರಲ್ಲಿ ಹೆಚ್ಚಿನವು ನಮ್ಮ ಹಿರಿಯರು ಬಿಟ್ಟುಹೋದ ಅಮೂಲ್ಯ ಸಂಪತ್ತಾಗಿರುತ್ತವೆ. ಅವುಗಳನ್ನು ಹಳೆಯ ಕಾಲದವೆಂದು ಕೈಬಿಡಬೇಡಿ. ಒಂದೆರಡು ಸಾಲುಗಳು ನಮ್ಮ ನಿದ್ದೆಗೆಡಿಸಬಹುದು. ಅವುಗಳಿಗೆ ದೀನ್‌ನ ಉಡುಪು ತೊಡಿಸಿ ಸಮರ್ಥಿಸದೆ, ಅಲ್ಲಾಹನ ಗ್ರಂಥದ ಮತ್ತು ಪ್ರವಾದಿ ಚರ್ಯೆಯ ಮುಂದಿಟ್ಟು ತೂಗಿ ನೋಡೋಣ.

ಒಳಿತನ್ನು ಒಳಿತೆಂದು ಕಾಣುವ, ಅದನ್ನು ಅನುಸರಿಸುವ ಮನಸ್ಸನ್ನೂ, ಕೆಡುಕನ್ನು ಕೆಡುಕೆಂದು ಕಾಣುವ, ಅದರಿಂದ ದೂರ ಸರಿಯುವ ಧೈರ್ಯವನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.